ಹೊಳೆ ಮುಗಿಯುವ ಜಾಗ

...ಅಲ್ಲ, ಅವಳು ನೀಲಿ ಸ್ವೆಟರು ಹಾಕಿಕೊಂಡೇ ಇರಲಿಲ್ಲ. ನೀಲಿ ಎಂದು ಪಾರ್ಕಿನ ರೇಂಜರ್‌ಗೆ ಹೇಳಿದವನು ನಾನೇ. ಅಕ್ಕ ಧಾರವಾಡದಿಂದ ಬಂದಾಗಿನಿಂದ ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾವಾಗಲೂ ಅದನ್ನೇ ಹಾಕಿಕೊಂಡಿರುತ್ತಿದ್ದಳು, ಬಾಯಿಗೆ ಅದೇ ಬಂತು. "ನೋ ಅಪ್ಪ, ಗ್ರೇ ಜಾಕೆಟ್," ಎಂದಳು ಮಗಳು. ರೇಂಜರ್ ಹೆಂಗಸು ಎರಡನ್ನೂ ಬರೆದುಕೊಂಡಳು. ಅರವತ್ತು ದಾಟಿದ ಹೆಂಗಸು ಕಾಣುತ್ತಿಲ್ಲ, ನೀಲಿ ಅಥವಾ ಬೂದು.

ಆ ಮಧ್ಯಾಹ್ನವನ್ನು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಂತೆಲ್ಲ ಅದು ನಯವಾಗುತ್ತ ಬಂದಿದೆ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆ ಹೋಗಿದೆ. ಇಲ್ಲಿ ಖಾತ್ರಿಯಿದ್ದಷ್ಟನ್ನು ಹೇಳುತ್ತೇನೆ.

ಶಾಸ್ತಾ ಮತ್ತು ಲಾಸೆನ್ ಬೆಟ್ಟಗಳ ನಡುವಿನ ಸೀಮೆ ಅದು, ನಮ್ಮ ಮನೆಯಿಂದ ಉತ್ತರಕ್ಕೆ ಅರ್ಧ ದಿನದ ಡ್ರೈವು. ನೆಲವೆಲ್ಲ ಎಂದೋ ಹರಿದು ತಣ್ಣಗಾದ ಲಾವಾ. ಕಪ್ಪು, ತೂತುತೂತಾದ ಕಲ್ಲು. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು, ಹಾಗಾಗಿ ನಾವು ಮೂವರೇ ಹೋಗಿದ್ದೆವು. ಅಕ್ಕ ಮುಂದಿನ ವಾರ ಊರಿಗೆ ಹೊರಡುವವಳಿದ್ದಳು. ಅಷ್ಟರೊಳಗೆ ಒಂದು ದೊಡ್ಡ ಜಲಪಾತ ತೋರಿಸಬೇಕೆಂಬುದು ನನ್ನ ಆಸೆ.

ಜಲಪಾತ ದೊಡ್ಡದಾಗಿಯೇ ಇತ್ತು. ನೀರು ಮೇಲಿನಿಂದ ಬೀಳುವುದಷ್ಟೇ ಅಲ್ಲ, ಬಂಡೆಗೋಡೆಯ ನಡುವಿನಿಂದ, ಪಾಚಿಯ ಸಂದುಸಂದುಗಳಿಂದ ಹೊರಗೆ ಬರುತ್ತಿತ್ತು. ಬೋರ್ಡಿನ ಪಕ್ಕ ನಾನೂ ಮಗಳೂ ನಿಂತೆವು, ಮಗಳ ಫೋನಿನಲ್ಲಿ ಅಕ್ಕ ಫೋಟೋ ತೆಗೆದಳು. ಬೋರ್ಡನ್ನು ಯಾರೂ ಓದಲಿಲ್ಲ.

ನಮ್ಮ ಮನೆಯಲ್ಲಿ ಒಂದು ರೂಢಿಯಿದೆ. ಹೊಸ ಹೊಳೆ ಕಂಡರೆ ತಲೆಗೆ ನೀರು ಚಿಮುಕಿಸಿಕೊಳ್ಳುವ ಮೊದಲು, ಅದು ಬರುವ ದಿಕ್ಕಿಗೆ ಒಂದಷ್ಟು ದೂರ ನಡೆದು ಕೈಮುಗಿಯಬೇಕು. ಅಪ್ಪ ಮಾಡುತ್ತಿದ್ದರು. ನಾನು ಬಿಟ್ಟಿದ್ದೇನೆ, ಅಕ್ಕ ಬಿಟ್ಟಿಲ್ಲ.

"ಇದರ ಹುಟ್ಟು ಎಲ್ಲೈತಿ ನೋಡ್ಕೊಂಡ ಬರ್ತೇನಿ," ಎಂದಳು.

"ಮೊದಲ ಊಟಾ ಮಾಡು ಅಕ್ಕಾ. ಮುಂಜಾನೆ ಶುಗರ್ ಗುಳಿಗಿ ತೊಗೊಂಡೀ."

"ಕೈಮುಗದ ಬಂದು ಉಣ್ತೇನಿ. ನಿನ್ನ ಮೊಣಕಾಲು ಆ ಮೆಟ್ಟಲಾ ಹತ್ತೂದುಲ್ಲ, ನೀ ಕುಂದ್ರು."

"ಒಬ್ಬಾಕಿನ ಹೊಕ್ಕೀಯೇನು?"

"ಹೊಳಿ ಗುಂಟ ಹೋಗಾಕಿ, ಹೊಳಿ ಗುಂಟ ಬರಾಕಿ. ದಾರಿ ತಪ್ಪಾಕ ನಾ ಏನ್ ನಿನ್ನ ಜಿಪಿಎಸ್ಸೇನು?"

ಬೆಳಿಗ್ಗೆ ಜಿಪಿಎಸ್ ನಮ್ಮನ್ನು ಯಾರದೋ ಹುಲ್ಲುಗಾವಲಿನ ಗೇಟಿಗೆ ಒಯ್ದು ನಿಲ್ಲಿಸಿತ್ತು. ಮಗಳು ನಕ್ಕಳು, ನಾನೂ ನಕ್ಕೆ. ಅಕ್ಕನ ಫೋನು, ಅವಲಕ್ಕಿ ಡಬ್ಬಿ, ಶುಗರ್ ಇಳಿದರೆ ಬಾಯಿಗೆ ಹಾಕಿಕೊಳ್ಳುವ ಪೆಪ್ಪರಮಿಂಟು, ಎಲ್ಲ ನನ್ನ ಬ್ಯಾಗಿನಲ್ಲೇ ಉಳಿದವು.

ಎಷ್ಟು ಹೊತ್ತು ಕಾದೆವು ಎಂಬುದರಲ್ಲಿ ನನಗೂ ಮಗಳಿಗೂ ಇಂದಿಗೂ ಒಮ್ಮತವಿಲ್ಲ. ಬೇಸರಕ್ಕೆ ಅವಳು ಫೋಟೋ ದೊಡ್ಡದು ಮಾಡಿಕೊಂಡು ಹಿಂದಿನ ಬೋರ್ಡನ್ನು ಓದತೊಡಗಿದಳು.

"ಅಪ್ಪ, ದ ರಿವರ್ ಈಸ್ ಡ್ರೈ ಅಪ್ ದೇರ್."

ಮೇಲೆ ವರ್ಷದ ಬಹುಭಾಗ ಹೊಳೆಯಲ್ಲಿ ನೀರೇ ಇರುವುದಿಲ್ಲವಂತೆ. ಮಳೆ, ಹಿಮ ಎಲ್ಲವನ್ನೂ ಲಾವಾ ನೆಲ ಕುಡಿದುಬಿಡುತ್ತದೆ. ನೀರು ಒಳಗೊಳಗೇ ಹರಿದು ಈ ಗೋಡೆಯಲ್ಲಿ ಹೊರಬೀಳುತ್ತದೆ. ಕೆಳಗೆ ಇಷ್ಟು ನೀರು ಸುರಿಯುತ್ತಿದ್ದರೆ ಮೇಲೊಂದು ಹೊಳೆ ಇರಲೇಬೇಕು ಎಂದು ಅಕ್ಕನೂ ನಾನೂ ಅಂದುಕೊಂಡಿದ್ದೆವು. ಹಿಡಿದು ಹೋಗಲು, ಹಿಡಿದು ಬರಲು ಅಲ್ಲಿ ಹೊಳೆಯೇ ಇರಲಿಲ್ಲ.

ಮೊಣಕಾಲು ಎಳೆದುಕೊಂಡು ಹತ್ತಿದೆ. ಸೇತುವೆ ದಾಟಿದ ಮೇಲೆ ನೀರು ಸಣ್ಣದಾಯಿತು, ಗುಂಡಿಗಳಾಯಿತು, ಆಮೇಲೆ ಬರೀ ಕಲ್ಲು. ಪೈನ್ ಮರಗಳ ನಡುವೆ ಆ ಕಲ್ಲು ಎಲ್ಲ ಕಡೆಗೂ ಹರಡಿಕೊಂಡಿತ್ತು. ಯಾವುದು ಹೊಳೆಯ ಪಾತ್ರ, ಯಾವುದು ಕಾಡು, ಹೇಳಲಾಗುತ್ತಿರಲಿಲ್ಲ. "ಅಕ್ಕಾ" ಎಂದು ಕೂಗಿದೆ. ಮಗಳು "ಅತ್ತೀ" ಎಂದು ಕೂಗಿದಳು. ಗಂಟಲು ಹರಿಯುವವರೆಗೆ ಕೂಗಿದೆವು. ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಕೆಳಗಿಳಿದು ಪಾರ್ಕಿನ ಕಚೇರಿಗೆ ಹೋಗಿ ಹೇಳಿದೆವು.

ರೇಂಜರ್ ಹೆಂಗಸು ಒಳ್ಳೆಯವಳು. ಅವಳು ನನಗೆ ಕೊಟ್ಟ ಕೆಲಸ ಒಂದೇ: ಕಾರಿನ ಹತ್ತಿರ ಕೂರುವುದು. ಬಂದರೆ ಅಲ್ಲಿಗೇ ಬರುತ್ತಾರೆ, ನೀವು ಈ ಕಾಲಿನಲ್ಲಿ ಹೋಗಿ ತಪ್ಪಿಸಿಕೊಂಡರೆ ನಾವು ಇಬ್ಬರನ್ನು ಹುಡುಕಬೇಕಾಗುತ್ತದೆ ಎಂದಳು. ಸರಿಯಾದ ಮಾತೇ. ಕೂತೆ. ಕಾರಿನ ಬಾಗಿಲು ತೆರೆದೆ, ಮುಚ್ಚಿದೆ. ಗುಳಿಗೆ ಹೊಟ್ಟೆಯಲ್ಲಿದೆ, ಅನ್ನ ಇಲ್ಲ, ಎಲ್ಲೋ ಕಲ್ಲಿನ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಿದ್ದರೆ. ಅದರಾಚೆಗೆ ತಲೆ ಓಡಲಿಲ್ಲ.

ಪಕ್ಕದ ವ್ಯಾನಿನಿಂದ ಮಂಗಳೂರು ಕಡೆಯ ಹೆಂಗಸೊಬ್ಬರು ಇಳಿದು ಬಂದರು. ನಾವು ಕೂಗಿದ್ದು ಅವರಿಗೆ ಕೇಳಿಸಿತ್ತಂತೆ.

"ಕನ್ನಡದವ್ರಾ? ಎಂತ ಆಯ್ತು ಮಾರಾಯ್ರೆ?"

ಹೇಳಿದೆ.

"ಸಿಗ್ತಾರೆ, ಹೆದರ್ಬೇಡಿ. ನನ್ನ ಅತ್ತೆ ಒಮ್ಮೆ ಮಾಲಿನಲ್ಲಿ ಹೀಗೇ ಮಾಡಿದ್ರು. ನಾವು ಪೊಲೀಸಿಗೆ ಹೇಳಿ ಅಳ್ತಾ ಇದ್ರೆ ಅವ್ರು ಮಸಾಜ್ ಕುರ್ಚಿಯಲ್ಲಿ ನಿದ್ದೆ." ಮಗಳ ಕೈಗೆ ಚಕ್ಕುಲಿ ಕೊಟ್ಟು, ದನಿ ತಗ್ಗಿಸಿ ಕೇಳಿದರು: "ಅಲ್ಲ, ಏನಾದ್ರೂ ಬೇಜಾರು ಮಾಡ್ಕೊಂಡು ಹೋದದ್ದಾ?"

"ಇಲ್ಲ ಇಲ್ಲ," ಎಂದೆ. ಬಹಳ ಬೇಗ ಹೇಳಿದೆ. ಆಮೇಲೆ ಕೂತು ಆ ತಿಂಗಳುಗಳನ್ನೆಲ್ಲ ಹಿಂದಕ್ಕೆ ತಿರುವಿದೆ. ನಾವು ಆಫೀಸಿಗೆ, ಸ್ಕೂಲಿಗೆ ಹೋಗುವಾಗ ಬಾಗಿಲಲ್ಲಿ ನಿಂತಿರುತ್ತಿದ್ದಳು. ಬಂದಾಗ ಚಹಾ ಇಟ್ಟಿರುತ್ತಿದ್ದಳು. ನಡುವಿನ ಹಗಲುಗಳಲ್ಲಿ ಅವಳು ಏನು ಮಾಡುತ್ತಿದ್ದಳು? ಹುಡುಕಿದರೂ ಒಂದು ಚಿತ್ರ ಸಿಗಲಿಲ್ಲ.

ಆಗಲೇ ಮಗಳು ತನ್ನ ಸೊಂಟ ನೋಡಿಕೊಂಡಳು. ಬೂದು ಜಾಕೆಟ್ಟು ಅಲ್ಲೇ ಕಟ್ಟಿತ್ತು. ಬೆಳಿಗ್ಗೆ ಚಳಿಯೆಂದಿದ್ದಕ್ಕೆ ಅಕ್ಕನೇ ಬಿಚ್ಚಿ ಕೊಟ್ಟಿದ್ದಳು. ನೀಲಿ ಸ್ವೆಟರು ಕಾರಿನ ಹಿಂದಿನ ಸೀಟಿನಲ್ಲಿತ್ತು. ಮಗಳು ರೇಂಜರ್ ಕಡೆಗೆ ಓಡಿದಳು. ಅಷ್ಟರಲ್ಲಿ ನಮ್ಮಿಬ್ಬರ ತಪ್ಪು ನೆನಪುಗಳೂ ವಾಕಿಟಾಕಿಗಳಲ್ಲಿ ಕಾಡು ತುಂಬ ಹೋಗಿಯಾಗಿತ್ತು.

ಬಿಸಿಲು ಮರಗಳ ತುದಿಗೆ ಏರಿದಾಗ ಅಕ್ಕ ಬಂದಳು. ಕಾಲುದಾರಿಯಿಂದಲ್ಲ, ರಸ್ತೆಯ ಕಡೆಯಿಂದ, ಒಬ್ಬಳೇ, ಎಂದಿನ ಅವಳ ನಡಿಗೆಯಲ್ಲಿ. ತುಟಿ ಬಿಳಚಿತ್ತು. ಪೆಪ್ಪರಮಿಂಟು ಬಾಯಿಗೆ ಹಾಕಿದೆ. ಅವಲಕ್ಕಿ ತಿನ್ನಿಸಿ, ಆಮೇಲೆ ಕೇಳಿದೆ.

"ಎಲ್ಲಿಗೆ ಹೋಗಿದ್ದೀ?"

"ಹೊಳಿ ಮುಗೀತು. ಅಲ್ಲೇ ಕುಂತಿದ್ದೆ."

"ನಾವು ಕೂಗಿದ್ದು ಕೇಳ್ಲಿಲ್ಲೇನು?"

"ಕೇಳ್ತು," ಎಂದಳು. ಡಬ್ಬಿಯ ಮುಚ್ಚಳ ಹಾಕಿದಳು. "ಛಲೋ ಆಗೇತಿ. ಸ್ವಲ್ಪ ಉಪ್ಪು ಕಡಿಮಿ."

ಆ "ಕೇಳ್ತು" ಎಂಬ ಮಾತು ನಾನು ಕಟ್ಟಿದ್ದಲ್ಲ, ಮಗಳೂ ಕೇಳಿದ್ದಾಳೆ. ಬರುವಾಗ ಫ್ರೀವೇಯಲ್ಲಿ ಅಕ್ಕ ನಿದ್ದೆ ಹೋದಳು. ಮುಂದಿನ ವಾರ ವಿಮಾನ ಹತ್ತಿದಳು. ಈಗಲೂ ಭಾನುವಾರ ಮಾತಾಡುತ್ತೇವೆ: ಮೊಣಕಾಲು, ಶುಗರ್, ಮಗಳ ಕಾಲೇಜು. ಒಮ್ಮೆ ಧೈರ್ಯ ಮಾಡಿ ಕೇಳಿದೆ, ಆವತ್ತು ಯಾಕೆ ಓಗೊಡಲಿಲ್ಲ ಎಂದು. "ಅದೇನು ಈಗ," ಎಂದು ಬೇರೆ ಮಾತು ತೆಗೆದಳು.

ಎದ್ದು ಬರಲು ಶಕ್ತಿಯಿರಲಿಲ್ಲವೋ, ಬರಬೇಕೆಂದು ಅನ್ನಿಸಲಿಲ್ಲವೋ. ಅನ್ನಿಸದಿದ್ದರೆ, ಕೊನೆಗೆ ಏನು ಅನ್ನಿಸಿ ಬಂದಳೋ. ನನಗೆ ಗೊತ್ತಿಲ್ಲ.