ಖಾಲಿ ಲಾರಿ

ಪುಣೆಯ ಭವಾನಿ ಪೇಟೆಯಲ್ಲಿ ಲಾರಿ ರಿಪೇರಿ ಮಾಡುವ ಹೊಳಬಸಪ್ಪ ಕೂತದ್ದನ್ನು ಕಂಡವರಿಲ್ಲ. ಚಹಾ ನಿಂತೇ, ಊಟ ನಿಂತೇ, ಜಗಳವಂತೂ ನಿಂತೇ. ಹಿಂದಿನ ಗಾಲಿ ಜಿಗಿಯುತ್ತದೆಂದು ಯಾರಾದರೂ ಬಂದರೆ, ಖಾಲಿ ಲಾರಿಯ ಹಿಂಬದಿಗೆ ಬರಿಗಾಲಲ್ಲಿ ಹತ್ತಿ ನಿಂತು "ಗಾಡಿ ಹೊಡೀರಿ!" ಎಂದು ಕೂಗಿ, ಪೆಟ್ರೋಲು ರೇಷನ್ನಿನ ಈ ಯುದ್ಧಕಾಲದಲ್ಲೂ ಪೇಟೆಯನ್ನೊಮ್ಮೆ ಸುತ್ತಿಸಿಯೇ ತೀರುತ್ತಾನೆ. ಇಳಿಯುವಾಗ ಮೀಸೆಯೆಲ್ಲ ಧೂಳು, ಬಾಯ್ತುಂಬ ಮರಾಠಿ ಬೈಗುಳ. "ಹೆಚ್ಚು ಮಾಲು ಹೇರಾಕಂತ ಸ್ಪ್ರಿಂಗಿಗೆ ಉಕ್ಕಿನ ಪಟ್ಟಿ ಮ್ಯಾಲ ಪಟ್ಟಿ ಹಾಕ್ಸೀರಿ. ಭಾರ ಇಳಿದ ಕೂಡ್ಲೆ ಅದು ಬಗ್ಗಂಗಿಲ್ಲ, ಜಿಗೀತದ. ಎರಡು ಪಟ್ಟಿ ತೆಗೀತೀನಿ." "ಬರೋವಾಗ ಖಾಲೀನ ಬರ್ತದ, ಜಿಗಿದ್ರ ಜಿಗೀಲಿ ಬಿಡ್ರಿ" ಎಂದು ಮಾಲೀಕ ಗೊಣಗಿದಾಗ ಮಾತ್ರ ಹೊಳಬಸಪ್ಪನ ದನಿ ತಗ್ಗುತ್ತದೆ: "ಹಮಾಲರು ಹಿಂದ ಕುಂತು ಬರ್ತಾರಲ್ರಿ?" ತಾನೂ ಹಮಾಲನಾಗಿದ್ದಾಗ ಅಂಥ ಖಾಲಿ ಲಾರಿಯಲ್ಲೇ ದಿನವೂ ಮನೆಗೆ ಮರಳುತ್ತಿದ್ದವನು ಅವನು. ಆಗ ಜಖಂ ಆದ ಸೊಂಟ ಇಂದಿಗೂ ಅವನನ್ನು ಕೂರಗೊಟ್ಟಿಲ್ಲ.