ಮಾವ ಬಂದರು, ಸಿಗರೇಟು ಹೋಯಿತು

ಸಿಗರೇಟು ಸೇದೋದಕ್ಕಿಂತ ಬಿಡೋದೇ ದುಬಾರಿ ಅಂತ ಗೊತ್ತಾಗಿದ್ದು ಎರಡು ತಿಂಗಳ ಹಿಂದೆ, ದಾವಣಗೆರೆಯ ಒಂದು ಮೆಡಿಕಲ್ ಶಾಪಿನಲ್ಲಿ. ಚಟ ಬಿಡಿಸುವ ಚೂಯಿಂಗ್ ಗಮ್ ಕೇಳಿದೆ. ರೇಟು ಹೇಳಿದರು. ಆ ಶಾಕಿಗೆ ಹೊರಗೆ ಬಂದು ಒಂದು ಸಿಗರೇಟು ಹಚ್ಚಬೇಕಾಯಿತು.

ಬಿಡದೆ ಬೇರೆ ದಾರಿಯಿರಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆ ಹಿಡಿಯುವ ಸ್ಥಿತಿ ಬಂದಿತ್ತು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, 'ಈಗ ಬಿಟ್ರೆ ಉಳೀತೀರಿ. ಇಲ್ಲಾಂದ್ರ ನನ್ನ ಹತ್ರ ಬರಬ್ಯಾಡ್ರಿ' ಅಂದಿದ್ದರು. ನಿಜ ಹೇಳುತ್ತೇನೆ, ಹೆದರಿದ್ದೆ.

ಚಟ ಬಿಡಿಸುವ ಸೆಂಟರಿಗೆ ಫೋನ್ ಮಾಡಿದೆ. 'ಪ್ಯಾಕೇಜ್ ಐತೆ ಸರ್' ಅಂದರು. ಅಷ್ಟು ದುಡ್ಡಿಗೆ ಹೆಂಡತಿಯನ್ನು ಊಟಿಗೆ ಕರೆದೊಯ್ಯಬಹುದಿತ್ತು. ಬಿಟ್ಟಿ ಸಲಹೆಗಳಿಗೇನೂ ಬರವಿರಲಿಲ್ಲ ಬಿಡಿ. ಏಲಕ್ಕಿ ಅಗಿಯಿರಿ, ಸೋಂಪು ತಿನ್ನಿರಿ. ಆಫೀಸಿನ ಗೆಳೆಯನೊಬ್ಬ, 'ಅದಕ್ಕೆಲ್ಲ ವಿಲ್‌ಪವರ್ ಬೇಕ್ರಿ' ಅಂದ. (ಹಾಗಂದು ನನ್ನದೇ ಲೈಟರ್ ಇಸ್ಕೊಂಡ.)

ಕೊನೆಗೆ ಖರ್ಚಿಲ್ಲದ ಔಷಧಿ ಹುಡುಕಿದ್ದು ನನ್ನ ಹೆಂಡತಿ ಶೈಲಾ. ಹರಿಹರದ ಪಕ್ಕದ ಗುತ್ತೂರಿನಿಂದ ಅವರಪ್ಪನನ್ನು ಕರೆಸಿದಳು. 'ನಮ್ಮಪ್ಪ ಫ್ಯಾಕ್ಟರ‍್ಯಾಗ ಅಷ್ಟು ವರ್ಷ ದುಡಿದ್ರೂ ಒಂದು ಬೀಡಿ ಮುಟ್ಟಿಲ್ಲ' ಎಂಬುದು ಮದುವೆಯಾದಾಗಿನಿಂದ ನಾನು ಕೇಳುತ್ತಿರುವ ಸುಪ್ರಭಾತ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಅಳಿಯನ ತಲೆ ನರೆತಿದ್ದರೂ ಸರಿ, ಮಾವನೆದುರು ಸೇದುವಂತಿಲ್ಲ. ಅಳಿಯ ಸೇದುತ್ತಾನೆಂದು ಮಾವನಿಗೆ ಗೊತ್ತು. ಗೊತ್ತೆಂಬುದು ಅಳಿಯನಿಗೂ ಗೊತ್ತು. ಆದರೂ ದೂರದಲ್ಲಿ ಮಾವನ ಟೋಪಿ ಕಂಡರೆ ಸಾಕು, ಉರಿಯುವ ಸಿಗರೇಟು ಸೀದಾ ಜೇಬಿಗೆ! ತೂತು ಬಿದ್ದ ನನ್ನ ಪ್ಯಾಂಟುಗಳೇ ಸಾಕ್ಷಿ. ಸರ್ಕಾರ ಪ್ಯಾಕಿನ ಮೇಲೆ ಕೊಳೆತ ಗಂಟಲಿನ ಫೋಟೊ ಹಾಕಿಸಿತು. ಯಾರು ಹೆದರಿದರು? ಅವರವರ ಮಾವನ ಫೋಟೊ ಹಾಕಿಸಿ ನೋಡಲಿ.

ಮಾವ ಬಂದವರು ನನಗೆ ಅಂಟಿಕೊಂಡರು. ಹಾಲಿಗೆ ಹೊರಟರೆ ಹಿಂದೆ. ಮಂಡಕ್ಕಿ ಅಂಗಡಿಗೆ ಹೊರಟರೆ ಹಿಂದೆ. ಕಟಿಂಗ್ ಶಾಪಿಗೂ 'ಬರ್ರಿ ಅಳಿಯಂದ್ರ, ನಾನೂ ಬರ್ತೀನಿ!' ನನಗೆ ತಲೆ ಸಿಡಿಯುತ್ತಿತ್ತು. ವಿಚಿತ್ರವೆಂದರೆ ಅವರೂ ಟಿ.ವಿ. ಮೇಲೆ ರೇಗುತ್ತಿದ್ದರು, ಹೊತ್ತಿಗೊಂದು ಚಹಾ ಕೇಳುತ್ತಿದ್ದರು. ವಯಸ್ಸಾಯಿತು, ಪಾಪ ಅಂದುಕೊಂಡೆ.

ಭಾನುವಾರ ಸ್ಕೂಟರಿನಲ್ಲಿ ಕೊಂಡಜ್ಜಿ ಕೆರೆ ನೋಡಲು ಹೋದೆವು. ಕೆರೆ ಏರಿಯ ಮೇಲೆ ಮಾವ, 'ನೀವು ಇಲ್ಲೇ ಕೂಡ್ರಿ, ನಾ ಒಂದು ರೌಂಡ್ ಹಾಕ್ಕಂಡು ಬರ್ತೀನಿ' ಅಂದರು. ಸ್ವರ್ಗವೇ ಸಿಕ್ಕಿತು! ಅವರು ಅತ್ತ ಮರೆಯಾಗಿ ಸ್ವಲ್ಪ ಹೊತ್ತಿಗೆ ನಾನು ಇತ್ತ ಇಳಿದೆ. ಅಲ್ಲೊಂದು ಪಾಳುಬಿದ್ದ ಪಂಪ್‌ಹೌಸ್. ಸಿಗರೇಟು ಹಚ್ಚಿ ಅದರ ಹಿಂದಕ್ಕೆ ತಿರುಗಿದೆ.

ಮಾವ ನಿಂತಿದ್ದರು. ಬೀಡಿ ಸೇದುತ್ತ.

ಇಬ್ಬರ ಕೈಗಳೂ ಬೆನ್ನ ಹಿಂದೆ ಹೋದವು. ಇಬ್ಬರ ಬೆನ್ನ ಹಿಂದೆಯೂ ಹೊಗೆ.

'ಈ ಸಲ ನೀರು ಭರ್ಜರಿ ಐತೆ ನೋಡ್ರಿ' ಅಂದರು.

'ಹೌದ್ರಿ ಮಾವ' ಅಂದೆ.

ಬೀಡಿ ಬೆರಳು ಸುಡುತ್ತಿತ್ತೆಂದು ಕಾಣುತ್ತದೆ, ಮುಖ ಕಿವುಚಿದರು. ಆದರೂ ಆ ಮನುಷ್ಯ ಬಿಸಾಡಲಿಲ್ಲ. ಬಿಸಾಡಿದರೆ ನನಗೆ ಕಾಣುತ್ತದಲ್ಲ! ಬರುವಾಗ ಹಿಂದೆ ಕೂತು ಕೆಮ್ಮಿದರು. ಥೇಟ್ ನನ್ನದೇ ಕೆಮ್ಮು. ಅಲ್ಲಿಯವರೆಗೆ ನಗು ತಡೆದುಕೊಂಡಿದ್ದವನು ಸ್ಕೂಟರ್ ನಿಧಾನ ಮಾಡಿದೆ.

'ಶೈಲಾಗ ಹೇಳಬ್ಯಾಡ್ರಿ' ಅಂದರು ಮೆಲ್ಲಗೆ.

'ಏನ್ ಹೇಳ್ಲಿ ಮಾವ? ಕೆರೆ ತುಂಬೈತೆ ಅಂತ ಹೇಳ್ತೀನಿ, ಅಷ್ಟ.'

ಗುಟ್ಟು ಬಯಲಾಯಿತಲ್ಲ, ಇನ್ನು ಇಬ್ಬರೂ ಒಂದೇ ಕಡ್ಡಿಯಲ್ಲಿ ಹಚ್ಚುತ್ತಾರೆ ಅಂದುಕೊಂಡಿರಾ? ಛೆ! ಗೊತ್ತಿರುವುದು ಬೇರೆ, ಎದುರು ಸೇದುವುದು ಬೇರೆ. ಮರ್ಯಾದೆ ಅಂತ ಒಂದಿದೆಯಲ್ಲ? ಅವರು ನನ್ನನ್ನು ಬಿಟ್ಟು ಕದಲಲಿಲ್ಲ. ಈಗ ನಾನೂ ಅವರನ್ನು ಬಿಟ್ಟು ಕದಲಲಿಲ್ಲ. ಯಮನಿಗೆ ಹೆದರದ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಹೆದರಿ ಬದುಕತೊಡಗಿದೆವು. ಮೆಟ್ಟಿಲು ಹತ್ತುವಾಗ ನನಗೀಗ ಗೋಡೆ ಬೇಕಾಗುತ್ತಿಲ್ಲ. ಮಾವನ ಕೆಮ್ಮೂ ಇಳಿದಿದೆ.

'ನೋಡ್ರಿ, ನಮ್ಮಪ್ಪ ಹೆಂಗೆ ಬಿಡಿಸಿದ್ರು!' ಅಂತ ಶೈಲಾ ಬೀದಿಗೆಲ್ಲ ಸಾರಿದಳು. 'ಮನಸು ಗಟ್ಟಿ ಇರಬೇಕವ್ವ' ಅಂದರು ಮಾವ, ನನ್ನ ಮುಖ ನೋಡದೆ.

ಮೊನ್ನೆ ಅವರು ಚೀಲ ಹಿಡಿದು ಊರಿಗೆ ಹೊರಟು ನಿಂತರು. ಜೇಬಿನ ಮೇಲೆ ಬೆರಳು ಆಗಲೇ ಆಡುತ್ತಿತ್ತು. ಚೀಲ ಕಸಿದು ಒಳಗಿಟ್ಟೆ. 'ಇನ್ನೊಂದು ತಿಂಗಳು ಇರ‍್ರಿ ಮಾವ.' ಅವರು ಜೈಲರನನ್ನು ನೋಡುವಂತೆ ನನ್ನನ್ನು ನೋಡಿದರು. ಎಂಥಾ ಅಳಿಯ ಸಿಕ್ಕ ಅಂತ ಶೈಲಾಳ ಕಣ್ಣು ಒದ್ದೆಯಾಯಿತು.

ಸಿಗರೇಟು ಬಿಡಲು ಕಡಿಮೆ ಖರ್ಚಿನ ದಾರಿ ಯಾವುದು ಅಂತ ಕೇಳುವವರಿಗೆ ಈಗ ನನ್ನದು ಒಂದೇ ಪ್ರಶ್ನೆ: ನಿಮ್ಮ ಮಾವ ಯಾವ ಊರಲ್ಲಿದ್ದಾರೆ?