ಫೋನ್ ನಂಬರಿಲ್ಲದ ಸಾಲು

ಗಣಿತ ಕಲಿಸಿದವನಿಗೆ ನಿವೃತ್ತಿಯಾದ ಮೇಲೂ ಒಂದು ಚಟ ಬಿಡುವುದಿಲ್ಲ. ಕಂಡದ್ದಕ್ಕೆಲ್ಲ ಗೆರೆ ಎಳೆದು ಚೌಕ ಮಾಡುತ್ತಾನೆ. ನನ್ನ ಕೈಗೆ ಸಿಕ್ಕವು ನಾಟಿ ಬೀಜಗಳು. ಬೈಲಹೊಂಗಲದ ಸುತ್ತಮುತ್ತ ಯಾರ ಮನೆಯಲ್ಲಿ ಯಾವ ಬೀಜವಿದೆ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಹಳೆಯ ಲ್ಯಾಪ್‌ಟಾಪಿನಲ್ಲಿ ಸ್ವಂತದ್ದೊಂದು ಡೇಟಾಬೇಸ್ ಕಟ್ಟಿದೆ.

‘ಸವದತ್ತಿ ಕಡೆಯ ಹೀರೆ ಯಾರಲ್ಲಿದೆ?’ ಎಂದು ಕೇಳಿದರೆ ಸಾಕು, ಹೀರೆಯಲ್ಲದ್ದನ್ನೂ ಸವದತ್ತಿಯದಲ್ಲದ್ದನ್ನೂ ಬದಿಗೆ ಸರಿಸಿ ಉಳಿದ ಸಾಲುಗಳನ್ನು ಮುಂದಿಡುತ್ತದೆ. ನಮ್ಮಾಕೆ ಮೊರದಲ್ಲಿ ಜೋಳ ಹಸನು ಮಾಡುವಾಗ ಮಾಡುವುದೂ ಇದನ್ನೇ. ಇಷ್ಟು ವರ್ಷ ಎದುರಿಗೆ ಕೂತು ಚಹಾ ಕುಡಿದವನಿಗೆ ಅದು ಹೊಳೆಯಲಿಲ್ಲ, ಬಿಡಿ.

ಪ್ರತಿ ಸಾಲಿಗೂ ಬೇರೆ ಯಾವುದಕ್ಕೂ ಇಲ್ಲದ ಗುರುತೊಂದು ಬೇಕಂತೆ. ಹೆಸರು ಕೊಡೋಣವೆಂದರೆ ನಮ್ಮ ಸೀಮೆಯಲ್ಲಿ ನೀಲವ್ವಂದಿರಿಗೇನು ಬರವೇ? ಫೋನ್ ನಂಬರು ಕೊಟ್ಟೆ. ಅದೇ ನಂಬರು ಮತ್ತೆ ಬಂದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆ ಎಂದು ಅಪ್ಪಣೆಯನ್ನೂ ಮಾಡಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಮಳೆಯ ಹೊತ್ತಿಗೆ ಓಣಿಯ ಹುಸೇನಬಿ ಬಂದರು. ತೀರಿಹೋದ ತಾಯಿ ಕೊಟ್ಟಿದ್ದ ಬಿಳಿ ಸವತೆಯ ಬೀಜವನ್ನು ಇಲಿ ತಿಂದುಹಾಕಿತ್ತು. ತಾಯಿಯದೆಂದು ಅವರಲ್ಲಿ ಉಳಿದದ್ದು ಅದೊಂದೇ. ಯಂತ್ರವನ್ನು ಕೇಳಿದೆ. ಯಾರಲ್ಲೂ ಇಲ್ಲವೆಂದಿತು. ನಾನೂ ಮಾಸ್ತರಿಕೆಯ ಠೀವಿಯಲ್ಲಿ ಇಲ್ಲ ಎಂದುಬಿಟ್ಟೆ.

“ನಮ್ಮವ್ವ ಸಿರಸಂಗಿ ನೀಲವ್ವಗ ಒಂದ ಮುಷ್ಟಿ ಕೊಟ್ಟಿದ್ಲರಿ ಮಾಸ್ತರ. ಆಕಿ ಕಡೆನೂ ಇಲ್ಲೇನ್ರಿ?” ಎಂದರು, ಕಣ್ಣು ತುಂಬಿಕೊಂಡು.

ಸುಮ್ಮನಿರಲಾರದೆ ನೋಟ್‌ಬುಕ್ ತೆಗೆದೆ. ‘ಸಿರಸಂಗಿ ನೀಲವ್ವ, ಬಿಳಿ ಸವತೆ.’ ನನ್ನದೇ ಅಕ್ಷರ! ಅದರ ಕೆಳಗೆ ಸೊಸೆ ಶೋಭಾ, ಬೆಂಡೆ. ನಮ್ಮ ಕಡೆ ಅತ್ತೆ ಸೊಸೆ ಬೀಜದ ಗಂಟು ಬೇರೆ ಬೇರೆ ಇಡುತ್ತಾರೆ, ಆದರೆ ಹೇಳುವ ಫೋನ್ ನಂಬರು ಮನೆಗೊಂದೇ. ಸೊಸೆಯನ್ನು ಬರೆದ ಕೂಡಲೇ ಯಂತ್ರ ಅತ್ತೆಯನ್ನು ಸದ್ದಿಲ್ಲದೆ ಅಳಿಸಿತ್ತು. ಅದರದೇನು ತಪ್ಪು? ನನಗೆ ನಾಚಿಕೆಯಾಯಿತು.

ಫೋನ್ ಮಾಡಿದರೆ ಎತ್ತಿದವಳು ಶೋಭಾ. ಬೀಜ ಅತ್ತೆಯ ಗಂಟಿನಲ್ಲಿ ಭದ್ರವಾಗಿತ್ತು. ಮರುದಿನ ಯರಗಟ್ಟಿ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ಬಂದೇಬಿಟ್ಟಿತು.

ಅಳಿಸಿಹೋದವರನ್ನೆಲ್ಲ ನೋಟ್‌ಬುಕ್ ನೋಡಿ ಮತ್ತೆ ಬರೆದೆ. ಈಗ ಪ್ರತಿ ಸಾಲಿಗೂ ಅದರದೇ ಕ್ರಮಸಂಖ್ಯೆ ಇದೆ. ಫೋನ್ ಇದ್ದರೆ ಸರಿ, ಇಲ್ಲದಿದ್ದರೂ ಸರಿ. ಯಂತ್ರ ‘ಇಲ್ಲ’ ಎಂದರೆ ‘ನನಗೆ ಗೊತ್ತಿಲ್ಲ’ ಎಂದು ಓದಿಕೊಳ್ಳುವುದನ್ನೂ ಕಲಿತಿದ್ದೇನೆ.

ಬಳ್ಳಿ ಕಾಯಿ ಬಿಟ್ಟು ಮುಗಿದ ಮೇಲೆ ಹುಸೇನಬಿ ಕಾಗದದ ಪೊಟ್ಟಣದಲ್ಲಿ ಬೀಜ ತಂದರು. ನಿಮ್ಮ ಹೆಸರು ಬರೆಯುತ್ತೇನೆ ಎಂದೆ.

“ನನ್ನ ಹೆಸರ ಬ್ಯಾಡ್ರಿ. ನಮ್ಮವ್ವನ ಹೆಸರ ಬರೀರಿ.”

ಬರೆದೆ. ಫೋನ್ ನಂಬರಿನ ಚೌಕ ಖಾಲಿ ಉಳಿಯಿತು, ಯಂತ್ರ ತಕರಾರು ಮಾಡಲಿಲ್ಲ. ಬಿಳಿ ಸವತೆ ಯಾರಲ್ಲಿದೆ ಎಂದು ಅವರೆದುರಿಗೇ ಕೇಳಿದೆ. ಎರಡು ಸಾಲು ಬಂದವು. ಒಂದು ನೀಲವ್ವ, ಇನ್ನೊಂದು ಫಾತಿಮಾಬಿ. ಹುಸೇನಬಿ ಎರಡನೆಯ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ, ಎರಡೆರಡು ಸಲ ಓದಿದರು.